ಹಬಲ್ ಇರುವಾಗ ಹಿಸಾಕಿ ಯಾಕೆ ಅಂದ್ರೆ
ಅಷ್ಟು ದೊಡ್ಡ ಹಬಲ್ ಬಾಹ್ಯಾಕಾಶ ದೂರದರ್ಶಕ ಇರುವಾಗ ಜಪಾನಿನವ್ರು 20 ಸೆಂ.ಮೀ. ಕನ್ನಡಿಯ ಹಿಸಾಕಿ ಅನ್ನೋ ಬಾಹ್ಯಾಕಾಶ ದೂರದರ್ಶಕ ಯಾಕೆ ಹಾರಿಸಿದ್ರು ಅಂತ ಕೇಳಿದ್ರಲ್ಲ, ಇಲ್ಲಿ ಸೈಜಿಗಿಂತ ಟೈಮ್ ಮುಖ್ಯ ಕಣ್ರೀ. ಹಬಲ್‌ಗೆ ಯಾವಾಗ್ಲೂ ಕ್ಯೂ, ಗುರುಗ್ರಹನ ಸ್ವಲ್ಪ ಹೊತ್ತು ನೋಡಿ ಬೇರೆ ಕಡೆ ತಿರುಗ್ಲೇಬೇಕು, ಹಿಸಾಕಿ ತಿಂಗಳುಗಟ್ಲೆ ಅದನ್ನೇ ನೋಡ್ತಾ ಕೂರ್ತಿತ್ತು. ಗುರುವಿನ ಅಯೋ ಅನ್ನೋ ಉಪಗ್ರಹದ ಜ್ವಾಲಾಮುಖಿಗಳು ಉಗುಳೋ ಗಂಧಕದ ಅನಿಲ ಚಾರ್ಜ್ ಆಗಿ, ಗುರುವಿನ ಕಾಂತಕ್ಷೇತ್ರಕ್ಕೆ ಸಿಕ್ಕಿ, ಗ್ರಹದ ಸುತ್ತ ಸಿಂಬೆ ಥರ ನಿಂತ್ಕೊಳ್ಳುತ್ತೆ, ಅದು ಹೊಳೆಯೋದು ಹೆಚ್ಚಾಗಿ ಕಣ್ಣಿಗೆ ಕಾಣದ ತೀವ್ರ ನೇರಳಾತೀತ ಬೆಳಕಲ್ಲಿ. ಆ ಬೆಳಕನ್ನ ನಮ್ಮ ವಾತಾವರಣ ಪೂರ್ತಿ ನುಂಗಿಬಿಡುತ್ತೆ, ಕೆಳಗೆ ಎಷ್ಟು ದೊಡ್ಡ ಕನ್ನಡಿ ಇಟ್ರೂ ವೇಸ್ಟು. ಜ್ವಾಲಾಮುಖಿ ಜೋರಾದಾಗ ಆ ಸಿಂಬೆಯ ಹೊಳಪು ದಿನದಿಂದ ದಿನಕ್ಕೆ ಹೇಗೆ ಬದಲಾಗುತ್ತೆ ಅಂತ ಹಿಡಿಯೋಕೆ ಬಿಡದೆ ನೋಡ್ಬೇಕಲ್ವಾ? ಹಿಸಾಕಿ 2013ರ ಸೆಪ್ಟೆಂಬರಲ್ಲಿ ಹೋಗಿದ್ದು, 2023ರ ಡಿಸೆಂಬರ್ ತನಕ ದುಡೀತು ಪಾಪ.