ಇಂಗ್ಲೆಂಡಿನ ಜನಗಣತಿಯಲ್ಲಿ ಒಬ್ಬನೇ ಕೂಲಿಕಾರನ ವಯಸ್ಸು 1841ರಲ್ಲಿ 35, 1851ರಲ್ಲಿ 49 ಎಂದಿದೆ, ಯಾವುದನ್ನು ನಂಬಬೇಕು?

ಎರಡನ್ನೂ ನಂಬಿ. 1841ರಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುವಂತೆ ಗಣತಿದಾರರಿಗೆ ಸೂಚನೆಯಿತ್ತು. 39ರವನೂ ಅಲ್ಲಿ 35 ಆಗುತ್ತಾನೆ. ಅವನ ಜನನ ಪ್ರಮಾಣಪತ್ರಕ್ಕೆ ಹಣ ಕಟ್ಟಬೇಕೇ ಎಂದೂ ಕೇಳಿದ್ದೀರಿ. ಅಂಥದ್ದೊಂದು ಇರುವುದೇ ಇಲ್ಲ, ಏಕೆಂದರೆ ಅಲ್ಲಿ ಸರಕಾರಿ ನೋಂದಣಿ ಆರಂಭವಾದದ್ದು 1837ರ ಜುಲೈ 1ರಂದು. ಆದರೆ ನೀವು ಮನೆಯ ಯಜಮಾನನೊಬ್ಬನನ್ನೇ ಹಿಡಿದು ಕೂತಿರುವುದಕ್ಕೆ ನನ್ನ ತಕರಾರಿದೆ. ನಾನೂ ಹಾಗೆಯೇ ಕೂತಿದ್ದೆ.

ನನ್ನ ಪತಿ ಇಂಗ್ಲೆಂಡಿನ ನಾರ್ಫೋಕ್ ಕಡೆಯವರು. ಮದುವೆಯಾಗಿ ಬಂದ ಎರಡನೆಯ ಚಳಿಗಾಲದಲ್ಲಿ ಅವರ ವಂಶವೃಕ್ಷ ಬರೆಯಲು ತೊಡಗಿದಾಗ, 1861ರ ಏಪ್ರಿಲ್ 7ರ ಗಣತಿಯ ಹಾಳೆಯಲ್ಲಿ ಅವರ ಪೂರ್ವಜರ ಮನೆ ಸಿಕ್ಕಿತು: ಹೊಲದ ಕೂಲಿಯಾದ 46ರ ಯಜಮಾನ, 38ರ ಹೆಂಡತಿ, 6 ಮತ್ತು 3 ವರ್ಷದ ಗಂಡುಮಕ್ಕಳು, ಅವರ ಮೇಲಿನ ಸಾಲಿನಲ್ಲಿ 'ಡಾಟರ್-ಇನ್-ಲಾ' ಎಂದು ಬರೆದಿದ್ದ ಒಬ್ಬ ಹುಡುಗಿ. ಲೆಕ್ಕ ಹಾಕಿದ ಗುಮಾಸ್ತ ವಯಸ್ಸಿನ ಅಂಕಿಗಳ ಮೇಲೆಯೇ ಗೀಟು ಎಳೆದಿದ್ದರಿಂದ 11ಓ 17ಓ ಎಂದು ಮೊದಲು ಅನುಮಾನವಾಯಿತು. ಹಿಗ್ಗಿಸಿ ನೋಡಿದರೆ 11 ಎಂದೇ ಇತ್ತು. ನಾನು ಟಿಪ್ಪಣಿಗಳನ್ನು ಕನ್ನಡದಲ್ಲಿಯೇ ಬರೆದುಕೊಳ್ಳುವವಳು. 'ಸೊಸೆ' ಎಂದು ಬರೆದೆ. ಎಡವಿದ್ದು ಅಲ್ಲಿಯೇ.

11ರ ಸೊಸೆ ನನಗೆ ವಿಚಿತ್ರವೆನಿಸಲಿಲ್ಲ, ಏಕೆಂದರೆ ನನ್ನ ಮುತ್ತಜ್ಜಿಗೆ ಮದುವೆಯಾದದ್ದು ಒಂಬತ್ತನೆಯ ವಯಸ್ಸಿನಲ್ಲಿ. ಬೇರೊಬ್ಬರ ಜಮೀನಿನಲ್ಲಿ ಆಳಾಗಿದ್ದ 19ರ ಹಿರಿಯ ಮಗನಿಗೆ ಅವಳನ್ನು ಗಂಟುಹಾಕಿ, ಎಂದೂ ನಡೆಯದ ಆ ಮದುವೆಯ ದಾಖಲೆಗಾಗಿ ಎರಡು ವರ್ಷ ಹುಡುಕಿದೆ; ಅದೇ ಹೆಸರಿನ ಮೂವರು ಅಪರಿಚಿತರ ವಿವಾಹ ಪ್ರಮಾಣಪತ್ರಗಳನ್ನು ದುಡ್ಡು ತೆತ್ತು ತರಿಸಿದೆ. ಅವಳ ಅಡ್ಡಹೆಸರು ಬೇರೆಯಿದ್ದುದನ್ನು ಕಂಡು, ತವರಿನ ಹೆಸರನ್ನು ಉಳಿಸಿಕೊಂಡಿರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡೆ. ಉದ್ಯೋಗದ ಅಂಕಣದಲ್ಲಿ 'ಸ್ಕಾಲರ್', ಅಂದರೆ ಶಾಲೆಗೆ ಹೋಗುವವಳು ಎಂದಿತ್ತು. ವೈವಾಹಿಕ ಸ್ಥಿತಿಯ ಅಂಕಣದಲ್ಲಿ ಅವಿವಾಹಿತೆ ಎಂದು ಸ್ಪಷ್ಟವಾಗಿಯೇ ಇತ್ತು. ಗಣತಿದಾರ ತಪ್ಪಿದ್ದಾನೆ ಎಂದುಕೊಂಡೆನೇ ಹೊರತು ನಾನು ತಪ್ಪಿರಬಹುದೆಂದು ಹೊಳೆಯಲಿಲ್ಲ. ಹುಡುಗಿಯ ಮದುವೆಗೆ 12 ತುಂಬಿರಬೇಕೆಂಬ ನಿಯಮ ಆ ದೇಶದಲ್ಲಿ ಆಗಲೂ ಇತ್ತೆಂಬುದನ್ನು ನಾನು ಓದಿಕೊಂಡಿರಲಿಲ್ಲ.

ಆ ಕಾಲದ ಇಂಗ್ಲಿಷಿನಲ್ಲಿ 'ಡಾಟರ್-ಇನ್-ಲಾ' ಎಂಬುದು ಮಗನ ಹೆಂಡತಿಗಷ್ಟೇ ಅಲ್ಲ, ಮಲಮಗಳಿಗೂ ಸಲ್ಲುತ್ತಿತ್ತು. 'ಸನ್-ಇನ್-ಲಾ' ಕೂಡ ಹಾಗೆಯೇ ಮಲಮಗನಾಗಬಹುದು. ಅಕ್ಕತಂಗಿಯರ ಮಗಳನ್ನೂ ಸೊಸೆಯೆಂದೇ ಕರೆಯುವ ಮನೆಯಲ್ಲಿ ಬೆಳೆದ ನನಗೆ, ನಂಟಿನ ಪದವೊಂದಕ್ಕೆ ಎರಡು ಅರ್ಥಗಳಿರಬಹುದು ಎಂಬುದು ತೋಚಬೇಕಿತ್ತು. ಕೊನೆಗೆ ಯಜಮಾನನದೇ ವಿವಾಹ ಪ್ರಮಾಣಪತ್ರ ತರಿಸಿದಾಗ ಅವನ ಹೆಸರಿನೆದುರು ವಿಧುರ ಎಂದೂ ಹೆಂಡತಿಯ ಹೆಸರಿನೆದುರು ವಿಧವೆ ಎಂದೂ ಇತ್ತು. ಅವಳ ಆಗಿನ ಅಡ್ಡಹೆಸರು ಆ ಹುಡುಗಿಯದೇ ಆಗಿತ್ತು. ಆ ಹೆಸರು ಹಿಡಿದು 1851ರ ಹಾಳೆಗಳನ್ನು ನೋಡಿದರೆ, ಪಕ್ಕದ ಹಳ್ಳಿಯಲ್ಲಿ ಮೊದಲ ಗಂಡ ಇನ್ನೂ ಇದ್ದಾನೆ, ಜೊತೆಯಲ್ಲಿ ಒಂದು ವರ್ಷದ ಕೂಸೂ ಇದೆ. ಎರಡು ವರ್ಷದ ಹುಡುಕಾಟ ಅರ್ಧ ಗಂಟೆಯಲ್ಲಿ ಮುಗಿಯಿತು.

ಆದ್ದರಿಂದ ಮೊದಲು ಹೆಂಡತಿಯ ಸಾಲನ್ನು ಓದಿ. ಅವಳ ಉದ್ಯೋಗದ ಅಂಕಣ ಖಾಲಿಯಿದ್ದರೆ ಮನೆಯಲ್ಲಿಯೇ ಇದ್ದಳು ಎಂದುಕೊಳ್ಳಬೇಡಿ; ಹೊಲದ ಕಲ್ಲು ಹೆಕ್ಕುವುದು, ಕಳೆ ಕೀಳುವುದು, ಕೊಯ್ಲಾದ ಮೇಲೆ ತೆನೆ ಆಯುವುದು ಹೆಂಗಸರ ಮತ್ತು ಮಕ್ಕಳ ಕೆಲಸವಾಗಿದ್ದರೂ ಹಂಗಾಮಿನ ದುಡಿಮೆಯನ್ನು ಬಹುತೇಕ ಬರೆಯುತ್ತಿರಲಿಲ್ಲ. 1841ರ ಹಾಳೆಯಲ್ಲಿ ಸಂಬಂಧದ ಅಂಕಣವೇ ಇಲ್ಲವೆಂಬುದನ್ನೂ ನೆನಪಿಡಿ: ಹೆಂಡತಿಯಂತೆ ಕಾಣುವವಳು ತಂಗಿಯಾಗಿರಬಹುದು, ಮಗನಂತೆ ಕಾಣುವವನು ಮೊಮ್ಮಗನಾಗಿರಬಹುದು. 1851ರಲ್ಲಿ ನಿಮ್ಮ ಕೂಲಿಕಾರನ ಮನೆಯಲ್ಲಿ ಆರು ಜನರಿದ್ದರೆಂದು ಹೇಳಿ ನೀವು ಒಬ್ಬನ ವಿವರವನ್ನು ಮಾತ್ರ ಕೊಟ್ಟಿದ್ದೀರಿ. ಉಳಿದ ಐವರ ವಯಸ್ಸು, ಸಂಬಂಧ ಮತ್ತು ಹುಟ್ಟಿದ ಊರುಗಳನ್ನು, ಅನುವಾದಿಸದೆ, ಹಾಳೆಯಲ್ಲಿರುವ ಹಾಗೆಯೇ ಇಲ್ಲಿ ಬರೆಯಿರಿ.