ಕುರ್ಚಿ ಹಾಕೋಕೆ ಜನ ಬೇಕು, ತಮ್ಮ

ತಮ್ಮ, ವಂದನೆ. ಮುಂದಿನ ತಿಂಗಳು ದುಬೈಗೆ ಬರುತ್ತಿದ್ದೀಯ ಅಂತ ಓದಿ ಖುಷಿಯಾಯಿತು. ರೂಮು ಎಲ್ಲಿ, ಖರ್ಚು ಎಷ್ಟು, ಊರಲ್ಲಿ ಯೂತ್ ಸೆಕ್ರೆಟರಿ ಆಗಿದ್ದವನಿಗೆ ಇಲ್ಲಿಯ ಚರ್ಚ್ ಸಭೆಯಲ್ಲಿ ಯಾವ ಜವಾಬ್ದಾರಿ ಸಿಗುತ್ತದೆ ಅಂತ ಕೇಳಿದ್ದೀಯ.

ಮೊದಲು ಕರಾಮಾದಲ್ಲೋ ದೇರಾದಲ್ಲೋ ಒಂದು ಬೆಡ್‌ಸ್ಪೇಸ್ ಹಿಡಿ, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದ ಜಾಗ, ಮೆಟ್ರೋ ಹತ್ತಿರ ಇರಲಿ. ಖರ್ಚು ನಿನ್ನ ಕೈಯಲ್ಲಿದೆ. ಊರಿಗೆ ತಿಂಗಳಿಗೆ ಇಷ್ಟು ಕಳಿಸುತ್ತೇನೆ ಅಂತ ಮಾತ್ರ ಈಗಲೇ ಯಾರಿಗೂ ಮಾತು ಕೊಡಬೇಡ.

ಮೂರನೆಯದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ನಾನು ಗದಗ-ಬೆಟಗೇರಿಯಿಂದ ಬಂದಿದ್ದು 2008ರಲ್ಲಿ. ಆಗ ಮೆಟ್ರೋ ಇರಲಿಲ್ಲ, ವಾರದ ರಜೆ ಶುಕ್ರವಾರ ಇತ್ತು, ಆರಾಧನೆಗೆ ನಮಗೆ ಅದೇ ಭಾನುವಾರ. ನಮ್ಮದು ಹಳೇ ಮನೆತನ ಅನ್ನೋ ಹಮ್ಮು ಬೇರೆ. 1834ರಲ್ಲಿ ಮಂಗಳೂರು ತಲುಪಿದ ಬಾಸೆಲ್ ಮಿಶನ್‌ನ ಕ್ರೈಸ್ತ ಪಾದ್ರಿಗಳು ನಮ್ಮ ಕಡೆ ಬಂದಾಗಿನಿಂದ ನಾವು ಸಭೆಯವರು. ಅಜ್ಜ ಕಮಿಟಿಯಲ್ಲಿ, ಅಪ್ಪ ಕಮಿಟಿಯಲ್ಲಿ, ಆಮೇಲೆ ನಾನು. ಮುಂದಿನ ಬೆಂಚು ಯಾರದ್ದು ಅಂತ ನಿನಗೆ ಹೇಳಬೇಕಿಲ್ಲ ಅಲ್ವಾ. ಇಲ್ಲಿ ಔದ್ ಮೇಥಾದ ಚರ್ಚ್ ಕಾಂಪೌಂಡಿನಲ್ಲಿ ಒಂದು ಹಾಲ್‌ನಲ್ಲಿ ತಮಿಳು ಆರಾಧನೆ, ಇನ್ನೊಂದರಲ್ಲಿ ಮಲಯಾಳ. ನಿಮ್ಮಜ್ಜ ಯಾರು ಅಂತ ಕೇಳೋರೇ ಇಲ್ಲ.

ಮರುವರ್ಷ ಗುಡ್ ಫ್ರೈಡೇ ಹಿಂದಿನ ರಾತ್ರಿ ನಮ್ಮ ಕನ್ನಡ ಕೂಟದಲ್ಲಿ ಪಾದ ತೊಳೆಯುವ ಸೇವೆ ಇಟ್ಟುಕೊಂಡಿದ್ದರು. ಊರಲ್ಲಿ ನಾನದನ್ನು ನೋಡಿರಲಿಲ್ಲ. ಒಬ್ಬರು ನಿನ್ನ ಕಾಲು ತೊಳೆಯುತ್ತಾರೆ, ಆಮೇಲೆ ನೀನು ಎದ್ದು ಮುಂದಿನವರದ್ದು ತೊಳೆಯಬೇಕು. ನನ್ನ ಪಾಲಿಗೆ ಬಂದವರು ಬೀದರ್ ಕಡೆಯ ಒಬ್ಬ ಅಣ್ಣ. ಸೋನಾಪುರದ ಲೇಬರ್ ಕ್ಯಾಂಪಿನಿಂದ ಎರಡು ಬಸ್ ಬದಲಿಸಿ ಬಂದಿದ್ದರು. ಸಿಮೆಂಟಿಗೆ ಬೆರಳೆಲ್ಲ ಬಿರಿದಿತ್ತು. ನೀಲಿ ಪ್ಲಾಸ್ಟಿಕ್ ಟಬ್ಬು, ಪಕ್ಕದಲ್ಲಿ ಬಕೆಟ್ಟು, ಹೆಗಲ ಮೇಲೆ ಟವೆಲ್ಲು. ಮಂಡಿಯೂರಿ ಮಗ್ ಎತ್ತಿದರು. ನಾನು ಕಾಲು ಹಿಂದಕ್ಕೆಳೆದುಕೊಂಡೆ. "ಬೇಡಣ್ಣ, ನೀವು ದೊಡ್ಡೋರು" ಅಂದೆ.

ಅವರು ಮಗ್ಗಿನ ನೀರನ್ನು ಮೆಲ್ಲಗೆ ಬಕೆಟ್ಟಿಗೆ ವಾಪಸ್ ಸುರಿದರು. ಒಂದು ಹನಿ ಚೆಲ್ಲಲಿಲ್ಲ. ಮಂಡಿಯಲ್ಲೇ ಸರಿದು ಪಕ್ಕದವನ ಮುಂದೆ ಹೋದರು.

ಕೂಟ ಮುಗಿದ ಮೇಲೆ ಇಬ್ಬರು ಬಂದು "ಎಂಥ ದೀನ ಮನಸ್ಸು ನಿಮ್ಮದು" ಅಂದರು. ನಾನೂ ನಂಬಿಬಿಟ್ಟೆ. ನಿಜ ಏನೆಂದರೆ, ಆ ಕೈ ನನ್ನ ಕಾಲಿಗೆ ತಾಗಿದರೆ ಅವರೂ ನಾನೂ ಒಂದೇ ಸಾಲಿನವರಾಗುತ್ತಿದ್ದೆವು. ಮೇಲೆ ನಾನೂ ಎದ್ದು ಇನ್ನೊಬ್ಬರ ಕಾಲು ಹಿಡಿಯಬೇಕಿತ್ತು. ಎರಡರಿಂದಲೂ ತಪ್ಪಿಸಿಕೊಂಡೆ. ಯೇಸು ಶಿಷ್ಯರ ಕಾಲು ತೊಳೆಯುವಾಗ ಶಿಷ್ಯ ಪೇತ್ರನೂ ಹೀಗೇ ಬೇಡ ಅಂದಿದ್ದ, ಬೈಬಲಿನ ಯೋಹಾನ 13ರಲ್ಲಿ. "ನಾನು ತೊಳೆಯದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ" ಅಂದುಬಿಟ್ಟ ಯೇಸು. ಆ ಅಧ್ಯಾಯವನ್ನು ಊರಲ್ಲಿ ಸಭೆಯ ಮುಂದೆ ನಿಂತು ಎಷ್ಟು ಸಲ ಓದಿದ್ದೆನೋ! ಪೇತ್ರ ಆ ಕ್ಷಣವೇ ಕೈಯನ್ನೂ ತಲೆಯನ್ನೂ ತೊಳಿ ಅಂದ. ನನಗೆ ಬುದ್ಧಿ ಬರೋಕೆ ಒಂದೂವರೆ ವರ್ಷ ಬೇಕಾಯಿತು. ಅಷ್ಟರಲ್ಲಿ ಆ ಅಣ್ಣ ಕಾಂಟ್ರಾಕ್ಟ್ ಮುಗಿದು ಊರಿಗೆ ಹೋಗಿದ್ದರು. ಫೋನು ಸ್ವಿಚ್ ಆಫ್. ಪ್ರತಿ ರಜೆಯಲ್ಲೂ ಈ ಸಲ ಬೀದರ್‌ಗೆ ಹೋಗಿಬರೋಣ ಅಂದುಕೊಳ್ಳುತ್ತೇನೆ. ಹೋಗಿಲ್ಲ.

ಯೂತ್ ಸೆಕ್ರೆಟರಿ ಆಗಿದ್ದ ವಿಷಯ ಸದ್ಯಕ್ಕೆ ಯಾರಿಗೂ ಹೇಳಬೇಡ. ಕೀಬೋರ್ಡಿಗೆ ಒಬ್ಬಳು ಹುಡುಗಿ ಇದ್ದಾಳೆ, ಚೆನ್ನಾಗಿಯೇ ನುಡಿಸುತ್ತಾಳೆ. ಕುರ್ಚಿ ಹಾಕೋಕೆ ಜನ ಸಾಲದು, ಅರ್ಧ ಗಂಟೆ ಮುಂಚೆ ಬಾ. ಹೊಸದರಲ್ಲಿ ಯಾರಾದರೂ ಊಟ ಕಟ್ಟಿಕೊಟ್ಟರೆ ಸುಮ್ನೆ ತಗೋ, ದುಡ್ಡು ಕೊಡೋಕೆ ಹೋಗಬೇಡ. ಡಬ್ಬಿ ತೊಳೆದು ಕೊಡು, ಸಾಕು. ಬರುವಾಗ ಅಮ್ಮನ ಕೈಯ ಶೇಂಗಾ ಚಟ್ನಿಪುಡಿ ಒಂದು ಪೊಟ್ಟಣ ಜಾಸ್ತಿ ತಾ. ಅದು ನನಗೆ.