ಎಲೆಕ್ಟ್ರಾನನ್ನು ನೋಡಿದವರು ಯಾರು?

ಮಾನ್ಯರೇ,

ಕ್ವಾಂಟಮ್ ಭೌತವಿಜ್ಞಾನ ಮತ್ತು ಮಾತಿನ ಮಿತಿಯನ್ನು ಕುರಿತು ನೀವು ಜಮಖಂಡಿಯಿಂದ ಕಳಿಸಿದ ಲೇಖನ ತಲುಪಿದೆ. ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುವವರೊಬ್ಬರು ಇಂಥ ವಿಷಯವನ್ನು ಕನ್ನಡದಲ್ಲೇ ಬರೆಯಲು ಮನಸ್ಸು ಮಾಡಿರುವುದು ಸಂತೋಷದ ಸಂಗತಿ, ನಿಮ್ಮ ಗದ್ಯವೂ ಸರಾಗವಾಗಿದೆ. ಆದರೆ ಮೂರನೆಯ ಪುಟ ಓದುವಾಗ ನನಗೆ ಸಿಟ್ಟು ಬಂತು. ಉಳಿದದ್ದನ್ನು ಬದಿಗಿಟ್ಟು ಆ ಪುಟದ ಬಗ್ಗೆಯಷ್ಟೇ ಬರೆಯುತ್ತೇನೆ.

‘ನೋಡುವವರಿಲ್ಲದಿದ್ದರೆ ಚಂದ್ರನೇ ಇಲ್ಲವೆಂದು ಐನ್‌ಸ್ಟೈನ್ ಕೂಡ ಒಪ್ಪಿಕೊಂಡರು’ ಎಂದಿದ್ದೀರಿ. ಅವರು ಒಪ್ಪಿಕೊಳ್ಳಲಿಲ್ಲ. ಜೊತೆಯಲ್ಲಿ ನಡೆಯುತ್ತಿದ್ದ ಭೌತವಿಜ್ಞಾನಿ ಅಬ್ರಹಾಂ ಪೈಸ್ ಅವರತ್ತ ತಟ್ಟನೆ ತಿರುಗಿ, ನೀವು ನೋಡಿದಾಗ ಮಾತ್ರ ಚಂದ್ರ ಇರುತ್ತಾನೆಂದು ನಿಜಕ್ಕೂ ನಂಬುತ್ತೀರಾ ಎಂದು ಐನ್‌ಸ್ಟೈನ್ ಕೇಳಿದ್ದನ್ನು ಪೈಸ್ ಅವರೇ ದಾಖಲಿಸಿದ್ದಾರೆ. ತಕರಾರೆತ್ತಿದವರ ಬಾಯಿಗೇ ನೀವು ಒಪ್ಪಿಗೆಯ ಮಾತು ತುರುಕಿದ್ದೀರಿ.

ಮುಂದಿನ ಸಾಲು: ‘ಆದ್ದರಿಂದ ಪ್ರಜ್ಞೆಯೇ ಕಣಕ್ಕೆ ಅಸ್ತಿತ್ವ ಕೊಡುತ್ತದೆ.’ ಈ ‘ಆದ್ದರಿಂದ’ ಎಲ್ಲಿಂದ ಬಂತು? 1989ರಲ್ಲಿ ಹಿಟಾಚಿ ಕಂಪನಿಯ ಅಕಿರಾ ಟೋನೊಮುರಾ ಮತ್ತು ಸಂಗಡಿಗರು, ಪರದೆ ಮುಟ್ಟಲು ಎರಡು ದಾರಿಗಳಿದ್ದ ಉಪಕರಣದಲ್ಲಿ ಎಲೆಕ್ಟ್ರಾನುಗಳನ್ನು ಎಷ್ಟು ವಿರಳವಾಗಿ ಬಿಟ್ಟರೆಂದರೆ ಉಪಕರಣದೊಳಗೆ ಒಂದೇ ಹೊತ್ತಿಗೆ ಎರಡು ಇರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಪರದೆಯ ಮೇಲೆ ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕೆ ಬಿತ್ತು, ಅದರಲ್ಲಿ ಯಾವ ಕ್ರಮವೂ ಕಾಣಲಿಲ್ಲ. ಚುಕ್ಕೆಗಳು ಸಾವಿರಗಟ್ಟಲೆ ಕೂಡಿದ ಮೇಲೆ ತರಂಗಗಳು ಒಂದರೊಡನೊಂದು ಬೆರೆತಾಗ ಮೂಡುವಂಥ ಬೆಳಕು ಕತ್ತಲೆಯ ಪಟ್ಟೆಗಳು ಎದ್ದು ಬಂದವು. ಆ ಚುಕ್ಕೆಗಳನ್ನು ದಾಖಲಿಸಿದ್ದು ಯಂತ್ರ. ಎಲೆಕ್ಟ್ರಾನು ಎರಡು ದಾರಿಗಳಲ್ಲಿ ಯಾವುದರಿಂದ ಬಂತೆಂಬ ಗುರುತು ಎಲ್ಲಾದರೂ ಉಳಿಯುವಂತೆ ಮಾಡಿದರೆ, ಆ ಗುರುತನ್ನು ಯಾರೂ ಓದದೆ ಬೀಗ ಹಾಕಿ ಮನೆಗೆ ಹೋದರೂ, ಪಟ್ಟೆಗಳು ಮೂಡುವುದಿಲ್ಲ. ನನಗೆ ಇದೇ ಸಾಕಷ್ಟು ವಿಚಿತ್ರವೆನಿಸುತ್ತದೆ. ಅದರ ಮೇಲೆ ಪ್ರಜ್ಞೆಯನ್ನು ಹೇರುವ ಗರಜು ಏನಿತ್ತು?

ನಾನು ಬಾಗಲಕೋಟೆಯ ಪತ್ರಿಕಾ ಕಚೇರಿಯೊಂದರಲ್ಲಿ ಕೆಲಸ ಕಲಿಯುವಾಗ ಹಿರಿಯರೊಬ್ಬರು ಪ್ರತಿ ವರದಿಯನ್ನೂ ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ಸಾಲು ಮುಗಿಯುವಷ್ಟರಲ್ಲಿ, “ಯಾರು ನೋಡ್ಯಾರ? ಎಲ್ಲಿ ನಿಂತು ನೋಡ್ಯಾರ?” ಎಂದು ಕೇಳುತ್ತಿದ್ದರು. ಆಲಮಟ್ಟಿ ಜಲಾಶಯ ತುಂಬಿತೆಂಬ ಸುದ್ದಿ ಬಂದರೆ, ನೀರಿನ ಮಟ್ಟ 519.60 ಮೀಟರ್ ಮುಟ್ಟಿದ್ದನ್ನು ಅಣೆಕಟ್ಟಿನ ಕಚೇರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುವವರೆಗೆ ಅದು ಪುಟಕ್ಕೆ ಹೋಗುತ್ತಿರಲಿಲ್ಲ. ಊರವರೆಲ್ಲ ಕಣ್ಣಾರೆ ಕಂಡು ಬಂದು ಹೇಳಿದರೂ ಅವರು ಜಗ್ಗುತ್ತಿರಲಿಲ್ಲ. (ಅವರೊಂದಿಗೆ ಚಹಾ ಕುಡಿಯುವುದೂ ಕಷ್ಟವೇ ಇತ್ತು.) ನಿಮ್ಮ ಪುಟ ಓದುವಾಗ ಅವರ ಧ್ವನಿ ಕೇಳಿದಂತಾಯಿತು.

ನನ್ನನ್ನು ಹೆಚ್ಚು ಕಾಡಿದ್ದು ಕೊನೆಯ ಸಾಲು: ‘ಇಲ್ಲಿ ಭಾಷೆ ಸೋತು ಮೌನ ಆರಂಭವಾಗುತ್ತದೆ.’ ಇದರ ಬೆಂಬಲಕ್ಕೆ ಕ್ವಾಂಟಮ್ ಭೌತವಿಜ್ಞಾನ ಕಟ್ಟಿದವರಲ್ಲಿ ಒಬ್ಬರಾದ ನೀಲ್ಸ್ ಬೋರ್ ಅವರ ಹೆಸರು ತಂದಿದ್ದೀರಿ. ಬೋರ್ ಅವರ ಹಟ ಇದಕ್ಕೆ ತದ್ವಿರುದ್ಧವಾದದ್ದು. ಪರಮಾಣುವಿನ ವರ್ತನೆ ಎಷ್ಟೇ ವಿಚಿತ್ರವಾಗಿರಲಿ, ನಾವು ಏನನ್ನು ಜೋಡಿಸಿದೆವು, ಏನು ಕಂಡಿತು ಎಂಬುದನ್ನು ಇನ್ನೊಬ್ಬರಿಗೆ ತಿಳಿಯುವ ಸಾಮಾನ್ಯ ಮಾತಿನಲ್ಲಿ ಹೇಳಲೇಬೇಕು, ಇಲ್ಲವಾದರೆ ಅದು ಪ್ರಯೋಗವೇ ಅಲ್ಲ ಎಂಬುದು ಅವರ ನಿಲುವಾಗಿತ್ತು. 1927ರಲ್ಲಿ ಇಟಲಿಯ ಕೋಮೊದಲ್ಲಿ ಪೂರಕತೆಯ ವಿಚಾರ ಮಂಡಿಸಿದಾಗಲೂ ಅವರು ಮಾತನ್ನು ಕೈಬಿಡಲಿಲ್ಲ. ತರಂಗವೆಂಬ ಚಿತ್ರ, ಕಣವೆಂಬ ಚಿತ್ರ ಎರಡೂ ಬೇಕು, ಆದರೆ ಎರಡನ್ನೂ ಒಂದೇ ಪ್ರಯೋಗದಲ್ಲಿ ಪೂರ್ತಿಯಾಗಿ ಬಳಸಲಾಗದು ಎಂದು ಅವರು ಮಾತಿನ ಗಡಿಯನ್ನು ಗುರುತಿಸಿದರು. ಗಡಿ ಗುರುತಿಸುವುದಕ್ಕೂ ಊರನ್ನೇ ಬಿಟ್ಟು ಹೋಗುವುದಕ್ಕೂ ವ್ಯತ್ಯಾಸವಿದೆ. ನಿಮ್ಮ ಲೇಖನದಲ್ಲಿ ಒಂದು ಪ್ರಯೋಗದ ವಿವರವೂ ಇಲ್ಲ. ಮಾತನ್ನು ದುಡಿಸದೆಯೇ ಅದು ಸೋತಿತೆಂದು ತೀರ್ಪು ಕೊಟ್ಟಿದ್ದೀರಿ.

ಪ್ರಜ್ಞೆಯ ವಿಚಾರವನ್ನು ಪೂರ್ತಿ ಬಿಡಲು ಮನಸ್ಸಿಲ್ಲದಿದ್ದರೆ ಭೌತವಿಜ್ಞಾನಿ ಯೂಜೀನ್ ವಿಗ್ನರ್ ಅವರ ಹೆಸರನ್ನು ಧಾರಾಳವಾಗಿ ತನ್ನಿ. 1961ರಲ್ಲಿ ಅವರು ಆ ವಾದವನ್ನು ಗಂಭೀರವಾಗಿಯೇ ಮುಂದಿಟ್ಟಿದ್ದರು. ಮುಂದೆ ಅವರೇ ಅದರಿಂದ ಹಿಂದೆ ಸರಿದದ್ದನ್ನೂ ಅದೇ ಪ್ಯಾರಾದಲ್ಲಿ ಬರೆಯಿರಿ. ಮೂರನೆಯ ಪುಟವನ್ನು ಹೊಸದಾಗಿ ಬರೆದು, ಟೋನೊಮುರಾ ಪ್ರಯೋಗವನ್ನು ನಿಮ್ಮ ಪಿಯುಸಿ ಹುಡುಗರಿಗೆ ಹೇಳುವಷ್ಟು ಬಿಡಿಸಿ ಹೇಳಿ ಕಳಿಸಿದರೆ, ಲೇಖನಕ್ಕೆ ಮುಂದಿನ ಸಂಚಿಕೆಯಲ್ಲಿ ಜಾಗ ಮಾಡುತ್ತೇನೆ.

ಇಂತು,
ಸಂಪಾದಕ, ಬಾಗಲಕೋಟೆ